ನಲ್ಲಿ ಎಡಕ್ಕಿತ್ತಾ, ಬಲಕ್ಕಿತ್ತಾ?

ಕಾರ್ಖಾನೆ ಪಕ್ಕದ ಲೈನ್ ಮನೆಗಳಲ್ಲಿ, ಕಾರ್ಮಿಕರ ಕಾಲೋನಿಗಳಲ್ಲಿ ಬೆಳೆದವರು ಬಾಲ್ಯದ ನೆನಪು ಬರೆದು ಕಳಿಸಿ ಅಂತ ಹೋದ ತಿಂಗಳು ಇದೇ ಪುಟದಲ್ಲಿ ಕೇಳಿದ್ದೆ. ನೆನಪು ಬರುತ್ತವೆ ಅಂದುಕೊಂಡರೆ ಬಂದಿದ್ದು ಜಾಸ್ತಿ ಪ್ರಶ್ನೆಗಳೇ. ಒಳ್ಳೆಯದೇ ಆಯಿತು ಬಿಡಿ. ನಾನೂ ಅಂಥದೇ ಸಾಲುಮನೆಯಲ್ಲಿ ಬೆಳೆದವಳು, ಆ ಪ್ರಶ್ನೆಗಳಲ್ಲಿ ಅರ್ಧ ನನ್ನವೂ ಹೌದು. ಐದು ಪತ್ರ ಆರಿಸಿದ್ದೇನೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಚಿಕ್ಕದು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಹತ್ತು ಮನೆಯ ಸಾಲಿನಲ್ಲಿ ನಡುವಿನ ಮನೆ ನಮ್ಮದು. ಸಾಲಿಗೆಲ್ಲ ಒಂದೇ ನಲ್ಲಿ. ಅದು ನಮ್ಮ ಮನೆಯ ಎಡಕ್ಕಿತ್ತು ಅಂತ ನಾನು, ಬಲಕ್ಕಿತ್ತು ಅಂತ ಅಕ್ಕ. ಅದಾದರೂ ಹೋಗಲಿ. ದೊಡ್ಡ ಮುಷ್ಕರದ ದಿನ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೇಟಿನ ಹತ್ತಿರ ನಿಂತಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕ ನಗುತ್ತಾಳೆ. 'ಆಗ ನಿನಗೆ ಒಂದೂವರೆ ವರ್ಷ ಕಣೋ, ಹೆಗಲ ಮೇಲೆ ಇದ್ದಿದ್ದು ಅಣ್ಣ' ಅನ್ನುತ್ತಾಳೆ. ಹಾಗಾದರೆ ನಾನು ಇಷ್ಟು ವರ್ಷ ಸುಳ್ಳು ಹೇಳಿಕೊಂಡು ಬಂದೆನಾ?
(ನಡುಮನೆ ಹುಡುಗ, ಈಗ 58 ವರ್ಷ)

ಉತ್ತರ: ಸುಳ್ಳು ಅನ್ನಬೇಡಿ. ಆದರೆ ಮುಷ್ಕರದ ವಿಷಯದಲ್ಲಿ ನಾನು ಅಕ್ಕನ ಕಡೆ.

ದೊಡ್ಡವರಾದ ಮೇಲೆ ನಮಗೆ ಉಳಿಯುವ ಅತಿ ಹಳೆಯ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ್ದು. ಅದಕ್ಕಿಂತ ಹಿಂದಿನದು ಬಹುತೇಕ ಅಳಿಸಿಹೋಗುತ್ತದೆ. ಹಾಗಾದರೆ ಆ ಹೆಗಲು ಎಲ್ಲಿಂದ ಬಂತು? ಮನೆಯಲ್ಲಿ ಆ ಕತೆ ಎಷ್ಟು ಸಲ ಹೇಳಿರಬಹುದು, ಸುಮ್ನೆ ಲೆಕ್ಕ ಹಾಕಿ. ಹಬ್ಬಕ್ಕೆ, ಸಾವಿಗೆ, ಅಪ್ಪನ ಗೆಳೆಯರು ಬಂದಾಗ. ಕೇಳಿ ಕೇಳಿ ಚಿತ್ರ ಮೂಡಿದೆ, ಚಿತ್ರದಲ್ಲಿ ಒಂದು ಮಗು ಇತ್ತು, ಆ ಮಗುವಿನ ಜಾಗದಲ್ಲಿ ನೀವು ಹೋಗಿ ಕೂತಿದ್ದೀರಿ. ಇದು ನಿಮಗೊಬ್ಬರಿಗೆ ಆಗಿದ್ದಲ್ಲ. 1995ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಜತೆಗಾರ್ತಿ ಒಂದು ಪ್ರಯೋಗ ಪ್ರಕಟಿಸಿದರು. 24 ಜನರಿಗೆ, 'ನೀವು ಐದು ವರ್ಷದವರಿದ್ದಾಗ ದೊಡ್ಡ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ, ಮನೆಯವರೇ ಹೇಳಿದರು' ಅಂತ ಬರೆದು ಕೊಟ್ಟರು. ಅದು ನಡೆದೇ ಇರಲಿಲ್ಲ. ಆದರೂ ಕಾಲು ಭಾಗದಷ್ಟು ಜನ ಅದನ್ನು ಪೂರ್ತಿಯೋ ಅರೆಬರೆಯೋ 'ನೆನಪಿಸಿಕೊಂಡರು'. ಅವರ ಮುಂದೆ ಆ ಮಾತು ಎತ್ತಿದ್ದು ಬರೀ ಎರಡು ಮೂರು ಸಲ. ನಿಮ್ಮ ಮನೆಯಲ್ಲಿ ಐವತ್ತು ವರ್ಷ ಹೇಳಿದ್ದಾರೆ!

ಹಾಗಂತ ಆ ಚಿತ್ರವನ್ನು ಎಸೆಯಬೇಡಿ. ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಹೇಳುತ್ತೇನೆ. ಟೆರ್ನಿ ಅಂತ ಇಟಲಿಯಲ್ಲಿ ಒಂದು ಉಕ್ಕಿನ ಕಾರ್ಖಾನೆಯ ಊರು. 1949ರ ಮಾರ್ಚ್‌ನಲ್ಲಿ, ಇಟಲಿ ನೇಟೋ ಸೇನಾ ಒಕ್ಕೂಟಕ್ಕೆ ಸೇರಬಾರದು ಅಂತ ಕಾರ್ಮಿಕರು ಕಾರ್ಖಾನೆ ಬಿಟ್ಟು ಹೊರಗೆ ಬಂದಾಗ ಪೊಲೀಸರ ಜತೆ ಗಲಾಟೆಯಾಗಿ ಲುಯಿಜಿ ಟ್ರಾಸ್ಟುಲ್ಲಿ ಎಂಬ 21 ವರ್ಷದ ಕಾರ್ಮಿಕ ಸತ್ತ. ಬಹಳ ವರ್ಷಗಳ ನಂತರ ಅಲೆಸಾಂಡ್ರೊ ಪೋರ್ಟೆಲ್ಲಿ ಎಂಬ ವಿದ್ವಾಂಸರು ಊರಿನ ಹಳೇ ಕಾರ್ಮಿಕರನ್ನು ಕೂರಿಸಿ ಕೇಳುತ್ತಾ ಹೋದರೆ ಎಷ್ಟೋ ಜನ, 'ಅವನು ಸತ್ತಿದ್ದು 1953ರಲ್ಲಿ, ಕೆಲಸದಿಂದ ತೆಗೆದಾಗ ನಡೆದ ಹೋರಾಟದಲ್ಲಿ' ಅಂದರು. ನಾಲ್ಕು ವರ್ಷದ ತಪ್ಪು. ಆದರೆ ಪೋರ್ಟೆಲ್ಲಿ ಅದನ್ನು ತಿದ್ದಿ ಕೈ ತೊಳೆದುಕೊಳ್ಳಲಿಲ್ಲ. ಇಷ್ಟು ಜನ ಒಂದೇ ಥರ ತಪ್ಪುತ್ತಿದ್ದಾರೆ ಅಂದರೆ ಯಾಕೆ ಅಂತ ಕೇಳಿದರು. ತಮ್ಮ ಹುಡುಗ ಒಂದು ಮೆರವಣಿಗೆಯಲ್ಲಿ ಸುಮ್ನೆ ಸತ್ತ, ನಾವು ಏನೂ ಮಾಡಲಾಗಲಿಲ್ಲ ಅನ್ನುವುದನ್ನು ಆ ಊರಿಗೆ ತಡೆದುಕೊಳ್ಳಲು ಆಗಿರಲಿಲ್ಲ. ತಮ್ಮ ಬದುಕಿನ ಅತಿ ದೊಡ್ಡ ಜಗಳದ ಹತ್ತಿರಕ್ಕೆ ಆ ಸಾವನ್ನು ಎತ್ತಿ ಇಟ್ಟುಕೊಂಡಿದ್ದರು. ನೀವು ಅಪ್ಪನ ಹೆಗಲ ಮೇಲೆ ಹತ್ತಿ ಕೂತಿದ್ದೂ ಅಂಥದೇ ಏನೋ ಇರಬಹುದು, ಅಲ್ವಾ? ಅಣ್ಣನಿಗೆ ಸಿಕ್ಕಿದ್ದು ನಿಮಗೆ ಸಿಗಲಿಲ್ಲ ಅಂತ. ಬರೆಯುವಾಗ ಎರಡನ್ನೂ ಬರೆಯಿರಿ. ನಾನು ಹೀಗೆ ಕಂಡೆ, ಅಕ್ಕ ಹೀಗಲ್ಲ ಅನ್ನುತ್ತಾಳೆ. ಇಬ್ಬರ ಮಾತೂ ಇರಲಿ.

ಇನ್ನು ನಲ್ಲಿ. ಇದಕ್ಕೆ ಪ್ರಯೋಗ ಗೀಯೋಗ ಏನೂ ಬೇಡ. ನೀವು ನೆನೆಸಿಕೊಳ್ಳುವಾಗ ಹೊಸ್ತಿಲ ಮೇಲೆ ನಿಂತು ಬೀದಿ ನೋಡುತ್ತೀರಾ? ಅಕ್ಕ ಬೀದಿಯಲ್ಲಿ ನಿಂತು ಮನೆ ನೋಡುತ್ತಾಳಾ? ಬಾಗಿಲಿಂದ ಹೊರಗೆ ಬಂದವರಿಗೆ ಎಡ ಆಗಿದ್ದು ಮನೆ ಕಡೆ ಮುಖ ಮಾಡಿ ನಿಂತವರಿಗೆ ಬಲ. ಕೊಡ ಹಿಡಿದು ಸರದಿಯಲ್ಲಿ ನಿಂತು ತಾಸುಗಟ್ಟಲೆ ಮನೆಗಳ ಮುಖ ನೋಡಿದವಳು ಅಕ್ಕ ಅನ್ನಿಸುತ್ತದೆ. ನೀವು ಬಾಗಿಲಿಂದ ಹೊರಗೆ ಓಡುತ್ತಿದ್ದವರು. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ, ಒಬ್ಬರದು ಒಬ್ಬರು ನೋಡದೆ, ಸಾಲಿನ ನಕ್ಷೆ ಬರೆಯಿರಿ. ಆಮೇಲೆ ಪಕ್ಕಪಕ್ಕ ಇಡಿ.

ನನ್ನದೂ ಒಂದಿದೆ. ಅಪ್ಪನಿಗೆ ರಾತ್ರಿ ಪಾಳಿ ಇದ್ದ ವಾರ ಹಗಲೆಲ್ಲ ಅವರು ಕಣ್ಣ ಮೇಲೆ ಟವೆಲ್ ಹಾಕಿಕೊಂಡು ಮಲಗುತ್ತಿದ್ದರು. ನಾವು ಕಿಟಕಿ ಹೊರಗೆ ಗೋಣಿಚೀಲ ಹಾಸಿ ಅದರ ಮೇಲೆ ಗೋಲಿ ಆಡುತ್ತಿದ್ದೆವು, ಟಣ್ ಅನ್ನಬಾರದು ಅಂತ. ಗೋಣಿಯ ಮೇಲೆ ಗೋಲಿ ಉರುಳುವುದಿಲ್ಲ, ಎಲ್ಲಿ ಬಿತ್ತೋ ಅಲ್ಲೇ ಕೂರುತ್ತದೆ. ಹಾಗಾಗಿ ಗುರಿ ನೇರ ಗಾಳಿಯಲ್ಲೇ ತಾಗಬೇಕು. ಇವತ್ತಿಗೂ ನನ್ನ ಗುರಿ ಚೆನ್ನಾಗಿದೆ. ಈ ಕತೆಯನ್ನು ಅಪ್ಪನ ಮೇಲಿನ ಪ್ರೀತಿಯ ಕತೆ ಅಂತ ನಾನು ಎಲ್ಲರಿಗೂ ಹೇಳಿದ್ದೇನೆ. ಮೊನ್ನೆ ತಮ್ಮ ಹೇಳಿದ, 'ಅಪ್ಪನಿಗಲ್ಲ ಕಣೇ, ಪಕ್ಕದ ಮನೆ ಮುದುಕ ಗೋಲಿ ಕಿತ್ತುಕೊಳ್ಳುತ್ತಿದ್ದ, ಅವನಿಗೆ ಹೆದರಿ'. ನಾನಿನ್ನೂ ಒಪ್ಪಿಲ್ಲ.

ಪ್ರಶ್ನೆ: ಲಿಫ್ಟ್ ರಿಪೇರಿಗೆ ಬಂದವನ ಕೈಯಿಂದ ಗ್ರೀಸ್ ವಾಸನೆ ಬಂತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಪ್ಪ ತೀರಿಕೊಂಡು ಮೂವತ್ತು ವರ್ಷ, ಅವರ ಫೋಟೋ ನೋಡಿದರೂ ನನಗೆ ಹಾಗೆ ಆಗುವುದಿಲ್ಲ. ಇದೇನು?
(ಒಬ್ಬ ಓದುಗಿ)

ಉತ್ತರ: ವಾಸನೆಗೆ ಮಿದುಳಿನಲ್ಲಿ ಅಡ್ಡದಾರಿ ಇದೆ. ಕಣ್ಣು ಕಂಡಿದ್ದು, ಕಿವಿ ಕೇಳಿದ್ದು ಥಲಾಮಸ್ ಎಂಬ ಜಂಕ್ಷನ್ ದಾಟಿಯೇ ಮುಂದೆ ಹೋಗಬೇಕು. ವಾಸನೆ ಮಾತ್ರ ಅಲ್ಲಿ ನಿಲ್ಲದೆ, ಭಾವನೆ ಮತ್ತು ನೆನಪು ನೋಡಿಕೊಳ್ಳುವ ಭಾಗಗಳಿಗೆ ಹತ್ತಿರದ ದಾರಿಯಲ್ಲೇ ನುಗ್ಗುತ್ತದೆ. ಇನ್ನೊಂದು ವಿಷಯ. ವಯಸ್ಸಾದವರಿಗೆ ಪದ ಕೊಟ್ಟರೆ, ಚಿತ್ರ ತೋರಿಸಿದರೆ ನೆನಪಾಗುವುದು ಜಾಸ್ತಿ ಹತ್ತು ವರ್ಷ ದಾಟಿದ ಮೇಲಿನ ಸಂಗತಿಗಳು. ವಾಸನೆ ತೋರಿಸಿದರೆ ಹತ್ತಕ್ಕಿಂತ ಮೊದಲಿನವು ಬರುತ್ತವೆ. ಅಂದರೆ ಮೆಟ್ಟಿಲ ಮೇಲೆ ಕೂತು ಅತ್ತವಳು ಆರೇಳು ವರ್ಷದ ಹುಡುಗಿ, ನೀವಲ್ಲ. ಫೋಟೋದಲ್ಲಿ ಅಪ್ಪ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿರುತ್ತಾರೆ. ಅವರು ನಿಮಗೆ ಗೊತ್ತಿದ್ದ ಅಪ್ಪ ಅಲ್ಲವೇ ಅಲ್ಲ.

ಆ ಹೊತ್ತಿಗೆ ಏನೇನು ಹೊಳೆಯಿತೋ ಅವತ್ತೇ ಬರೆದಿಡಿ. ಮಾರನೇ ದಿನಕ್ಕೆ ಹೋಗಿಬಿಟ್ಟಿರುತ್ತದೆ.

ಪ್ರಶ್ನೆ: ನಾನು ನಿವೃತ್ತ ಫಿಟ್ಟರ್. ಮೊಮ್ಮಕ್ಕಳಿಗೆ ನಮ್ಮ ಕಾಲೋನಿ ಕತೆ ಹೇಳಲು ಬಾಯಿ ತೆರೆದರೆ ಸಾಕು, 'ಗೊತ್ತು ತಾತ, ಒಂದು ರೂಮು, ಹತ್ತು ಜನ' ಅಂತ ಅವರೇ ಮುಗಿಸಿಬಿಡುತ್ತಾರೆ. ಈಗಿನ ಮಕ್ಕಳಿಗೆ ಕಷ್ಟ ಅಂದರೆ ಏನು ಅಂತಲೇ ಗೊತ್ತಿಲ್ಲ.

ಉತ್ತರ: ತಾತ, ಕೋಪ ಮಾಡಿಕೊಳ್ಳಬೇಡಿ. ಮಕ್ಕಳದ್ದೇನೂ ತಪ್ಪಿಲ್ಲ. ನೀವು ಕತೆ ಹೇಳುತ್ತಿಲ್ಲ, ಬಾಕಿ ಲೆಕ್ಕ ತೋರಿಸುತ್ತಿದ್ದೀರಿ. 'ನಮ್ಮ ಕಾಲದಲ್ಲಿ' ಅಂತ ಶುರುವಾದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಅವರಿಗೆ ಗೊತ್ತು. ಅದು ಅವರ ಫೋನಿನ ಹತ್ತಿರ ಬಂದು ನಿಲ್ಲುತ್ತದೆ.

ಒಂದು ರೂಮಿನಲ್ಲಿ ಹತ್ತು ಜನ ಅನ್ನುವುದು ಬರೀ ಸಂಖ್ಯೆ. ಹತ್ತು ಜನ ಹೇಗೆ ಮಲಗಿದಿರಿ? ಅದನ್ನು ಹೇಳಿ. ಯಾರ ಕಾಲು ಯಾರ ತಲೆ ಹತ್ತಿರ, ಗೋಡೆ ಬದಿ ಯಾರಿಗೆ, ರಾತ್ರಿ ಹೊರಗೆ ಹೋಗಬೇಕಾದರೆ ಎಷ್ಟು ಜನರನ್ನು ದಾಟಬೇಕಿತ್ತು, ಯಾರನ್ನು ತುಳಿದರೆ ಬೈಗುಳ, ಯಾರನ್ನು ತುಳಿದರೆ ಏನೂ ಆಗುತ್ತಿರಲಿಲ್ಲ. ಬೆಳಗಿನ ಪಾಳಿಗೆ ದೊಡ್ಡಣ್ಣ ಎದ್ದು ಹೋದ ಹಾಸಿಗೆಗೆ ರಾತ್ರಿ ಪಾಳಿ ಮುಗಿಸಿದ ಚಿಕ್ಕಪ್ಪ ಬಂದು ಬೀಳುತ್ತಿದ್ದರಾ? ಆ ಹಾಸಿಗೆ ಆರುತ್ತಲೇ ಇರಲಿಲ್ಲ ಅಂತ ಹೇಳಿ ನೋಡಿ. ಬೇಕಾದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ರೂಮಿನ ಅಳತೆ ಗೀಚಿ, ಮಕ್ಕಳನ್ನೇ ಅದರೊಳಗೆ ಮಲಗಿಸಿ. ಫಿಟ್ಟರ್ ಆಗಿದ್ದವರು, ಅಳತೆ ನಿಮಗೆ ಮರೆತಿರಲ್ಲ.

ಇನ್ನೊಂದು, ನೀವು ಮಾಡಿದ ಕಿತಾಪತಿ ಹೇಳಿ. ಕದ್ದಿದ್ದು, ಸಿಕ್ಕಿಬಿದ್ದಿದ್ದು. ತಾತ ಯಾವಾಗಲೂ ಒಳ್ಳೆಯವನಾಗಿರುವ ಕತೆಯನ್ನು ಯಾವ ಮಗುವೂ ಎರಡನೇ ಸಲ ಕೇಳುವುದಿಲ್ಲ.

ಕೇಳಿದ್ದಕ್ಕೆ ಫಲವೂ ಇದೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳಿಗೆ 20 ಪ್ರಶ್ನೆ ಕೇಳಿದರು. ಅಪ್ಪ ಅಮ್ಮ ಹೇಗೆ ಪರಿಚಯವಾದರು ಗೊತ್ತಾ, ಅಮ್ಮ ಬೆಳೆದಿದ್ದು ಎಲ್ಲಿ ಗೊತ್ತಾ, ಹೀಗೆ. 'ನಗದೇ ನಗದೇ ಮುಖ ಸಿಂಡರಿಸಿದ ಹಾಗೇ ನಿಂತುಹೋದ ಸಂಬಂಧಿಕರೊಬ್ಬರ ಬಗ್ಗೆ ಗೊತ್ತಾ' ಅಂತ ಒಂದು ತಮಾಷೆ ಪ್ರಶ್ನೆಯೂ ಅದರಲ್ಲಿತ್ತು. ಜಾಸ್ತಿ ಉತ್ತರ ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಮೇಲಿನ ನಂಬಿಕೆಯೂ ಜಾಸ್ತಿ ಇತ್ತು. ಆದರೆ ಪಾಠದ ಥರ ಬಾಯಿಪಾಠ ಮಾಡಿಸಿದರೆ ಆಗುವುದಲ್ಲ ಅಂತ ಅವರೇ ಹೇಳಿದ್ದಾರೆ. ಒಟ್ಟಿಗೆ ಕೂತು ಹರಟುವ ಮನೆಗಳಲ್ಲಿ ಮಕ್ಕಳಿಗೆ ಇವು ತಾವಾಗೇ ಗೊತ್ತಾಗಿರುತ್ತವೆ, ಅದು ವಿಷಯ.

ಶುರು ಮಾಡಲು ಒಂದು ಸುಲಭದ ಎಳೆ ಕೊಡುತ್ತೇನೆ: ಬೆಳಿಗ್ಗೆ ನಿಮ್ಮನ್ನು ಎಬ್ಬಿಸುತ್ತಿದ್ದುದು ಏನು? ಹಿಂದೆ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಕಾರ್ಮಿಕರನ್ನು ಎಬ್ಬಿಸುವುದೇ ಕೆಲವರ ಕಸುಬಾಗಿತ್ತು. ಉದ್ದನೆಯ ಕೋಲಿನಿಂದ ಮೇಲಿನ ಕಿಟಕಿ ತಟ್ಟುತ್ತಾ ಬೀದಿ ಬೀದಿ ಹೋಗುತ್ತಿದ್ದರು. ಲಂಡನ್ನಿನಲ್ಲಿ ಒಬ್ಬ ಹೆಂಗಸು ಕೊಳವೆಯಿಂದ ಒಣ ಬಟಾಣಿ ಊದಿ ಕಿಟಕಿಗೆ ಹೊಡೆಯುತ್ತಿದ್ದಳು. ಇದನ್ನು ಮೊದಲು ಹೇಳಿ. ಆಮೇಲೆ ನಿಮ್ಮ ಸೈರನ್ನಿನ ಕತೆ ಹೇಳಿ, ಆಮೇಲೆ ಮಕ್ಕಳು ಬಟಾಣಿ ಊದಿದರೆ ನನ್ನನ್ನು ಬೈಯಬೇಡಿ.

ಪ್ರಶ್ನೆ: ಎಲ್ಲರೂ ಹಳೇ ಬೀದಿ ಸ್ವರ್ಗ ಅಂತ ಬರೆಯುತ್ತಾರೆ. ಬಾಗಿಲಿಗೆ ಚಿಲಕ ಇರಲಿಲ್ಲ, ಎಲ್ಲರೂ ಒಂದೇ ಮನೆಯವರ ಹಾಗೆ ಇದ್ದರು ಅಂತ. ನಾನು ಬೆಳೆದ ಸಾಲಿನಲ್ಲಿ ಸಂಬಳದ ದಿನ ಬಂತೆಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಬೆಳಗಿನ ತನಕ. ನಾನಿದನ್ನು ಬರೆಯಲಾ? ಬರೆದರೆ 'ಹಳೇ ನೆನಪಿಗೆ ಮಸಿ ಬಳಿದಳು' ಅನ್ನುತ್ತಾರೆ.
(ಹೆಸರು ಬೇಡ)

ಉತ್ತರ: ಬರೆಯಿರಿ. ಬಂದ ಕಟ್ಟಿನಲ್ಲಿ ನಾನು ನಿಲ್ಲಿಸಿ ಓದಿದ ಪತ್ರ ನಿಮ್ಮದೇ.

ಸ್ವರ್ಗ ಅನ್ನುವವರೂ ಬೇಕೆಂದೇ ಸುಳ್ಳು ಹೇಳುತ್ತಿಲ್ಲ. ಕೆಟ್ಟ ಘಟನೆಯ ನೋವು ಒಳ್ಳೆಯ ಘಟನೆಯ ಖುಷಿಗಿಂತ ಬೇಗ ಮಾಸುತ್ತದೆ, ಇದನ್ನು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿದ್ದಾರೆ. ಘಟನೆ ನೆನಪಿರುತ್ತದೆ, ಅದರ ಕಹಿ ಇರುವುದಿಲ್ಲ. ಹಾಗಾಗಿ ನಲ್ಲಿ ಜಗಳ ತಮಾಷೆಯಾಗುತ್ತದೆ, ಮಳೆಗಾಲದಲ್ಲಿ ಸೋರುತ್ತಿದ್ದ ಸೂರು ಸಂಗೀತವಾಗುತ್ತದೆ. ಹಳೆಯದಕ್ಕೆ ಹಂಬಲಿಸುವುದಕ್ಕೆ ನಾಸ್ಟಾಲ್ಜಿಯಾ ಅನ್ನುತ್ತೇವಲ್ಲ, ಆ ಪದ ಹುಟ್ಟಿದ್ದು ಕಾಯಿಲೆಯ ಹೆಸರಾಗಿ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಊರು ಬಿಟ್ಟು ಬಂದ ಸ್ವಿಸ್ ಜನ ಮನೆ ನೆನೆದು ಸೊರಗುವುದನ್ನು ನೋಡಿ, ಗ್ರೀಕಿನ 'ಮನೆಗೆ ಮರಳುವುದು' ಮತ್ತು 'ನೋವು' ಎರಡನ್ನೂ ಸೇರಿಸಿ ಆ ಹೆಸರಿಟ್ಟ. ಈಗ ಅದರಲ್ಲಿ ಮನೆ ಉಳಿದಿದೆ, ನೋವು ಬಿಟ್ಟುಹೋಗಿದೆ.

ಒಂದು ಮಾತು ಮಾತ್ರ ಯೋಚಿಸಿ. ಹೊಡೆಸಿಕೊಂಡವರ ಮಕ್ಕಳು ಇನ್ನೂ ಇದ್ದಾರೆ. ಅವರು ಯಾರಿಗೂ ಹೇಳದೆ ಬದುಕಿರಬಹುದು. ಹೆಸರು, ಮನೆ ನಂಬರು, ಅವರು ಮಾಡುತ್ತಿದ್ದ ಕೆಲಸ ಬದಲಿಸಿ. ಸಾಧ್ಯವಾದರೆ ಮೊದಲೇ ಕೇಳಿ. ಅವರು ಬೇಡ ಅಂದರೆ ಅವರ ಮನೆಯೊಳಗೆ ಹೋಗಬೇಡಿ, ಗೋಡೆಯ ಈಚೆ ನಿಮಗೇನಾಯಿತು ಅಂತ ಬರೆಯಿರಿ. ಅದು ಪೂರ್ತಿ ನಿಮ್ಮದು.

ಈಚೆಯದೇ ದೊಡ್ಡ ಕತೆ. ನಮ್ಮ ಸಾಲಿನಲ್ಲೂ ಎರಡು ಮನೆಗೆ ಒಂದೇ ಗೋಡೆ. ಆ ಕಡೆ ಗಲಾಟೆ ಶುರುವಾದರೆ ನಮ್ಮಮ್ಮ ಎದ್ದು ಹೋಗುತ್ತಿರಲಿಲ್ಲ, ಬಾಯಿ ಬಿಟ್ಟು ಏನೂ ಅನ್ನುತ್ತಲೂ ಇರಲಿಲ್ಲ. ಒಂದು ಚೊಂಬು ತಗೊಂಡು ಗೋಡೆಗೆ ಮೂರು ಸಲ ಕುಟ್ಟುತ್ತಿದ್ದರು. ಕೇಳುತ್ತಿದೆ ಅಂತ ಹೇಳಲು. ಕೆಲವು ಸಲ ಆ ಕಡೆ ಸದ್ದು ನಿಲ್ಲುತ್ತಿತ್ತು, ಕೆಲವು ಸಲ ಇಲ್ಲ. ಆ ಗೋಡೆಯಲ್ಲಿ ಸುಣ್ಣ ಕಿತ್ತುಹೋಗಿ ಬಿಲ್ಲೆಯಗಲದ ಗುಂಡಿ ಬಿದ್ದಿತ್ತು. ಪ್ರತಿ ವರ್ಷ ಸುಣ್ಣ ಬಳಿಯುವಾಗ ಅಪ್ಪ ಅದನ್ನು ಮುಚ್ಚುತ್ತಿದ್ದರು. ಅಮ್ಮ ಮಾಡಿದ್ದು ಸಾಕಿತ್ತಾ? ನನಗೆ ಹಾಗನ್ನಿಸುವುದಿಲ್ಲ. ಒಂದೇ ಮನೆಯವರ ಹಾಗಿದ್ದೆವು ಅಂತ ಯಾರಾದರೂ ಅಂದಾಗ ನನಗೆ ಕಾಣುವುದು ಮಾತ್ರ ಆ ಗುಂಡಿ.

ಪ್ರಶ್ನೆ: ನಮ್ಮಮ್ಮನಿಗೆ 79. ಇಪ್ಪತ್ತೈದು ವರ್ಷ ಗಿರಣಿಯಲ್ಲಿ ಮಗ್ಗ ನೋಡಿಕೊಂಡವರು. ಕಾಲೋನಿ ಕೆಡವಿ ಈಗ ಅಲ್ಲಿ ಏನೂ ಉಳಿದಿಲ್ಲ. ಅಮ್ಮನ ಮಾತು ಫೋನಿನಲ್ಲಿ ರೆಕಾರ್ಡ್ ಮಾಡೋಣ ಅಂತ ಕೂತರೆ 'ಏನಿದೆ ಹೇಳೋಕೆ, ಎದ್ದೆವು, ಹೋದೆವು, ಬಂದೆವು' ಅಂತ ಮುಗಿಸಿಬಿಡುತ್ತಾರೆ. ಅಣ್ಣನಂತೂ 'ವಯಸ್ಸಾದವರನ್ನು ಹಳೇದರಲ್ಲಿ ಮುಳುಗಿಸಬೇಡ' ಅಂತಾನೆ.

ಉತ್ತರ: ಅಣ್ಣನಿಗೆ ಮೊದಲು ಉತ್ತರ. ಮುದುಕರು ಹಿಂದಿನದನ್ನೇ ಮಾತಾಡುವುದು ಬುದ್ಧಿ ಮಂಕಾದ ಲಕ್ಷಣ ಅಂತ ಡಾಕ್ಟರುಗಳೂ ಒಂದು ಕಾಲದಲ್ಲಿ ನಂಬಿದ್ದರು. 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯ ಅದು ಹಾಗಲ್ಲ ಅಂದರು. ಬದುಕನ್ನು ತಿರುಗಿ ನೋಡಿ ಲೆಕ್ಕ ಮಾಡಿಕೊಳ್ಳುವುದು ಆ ವಯಸ್ಸಿಗೆ ಸಹಜವಾದ ಕೆಲಸ ಅಂದರು. ಕೆಲವರಿಗೆ ಅದರಿಂದ ಕಳವಳವೂ ಆಗುತ್ತದೆ. ಅಮ್ಮ ಬೇಡ ಅಂದ ಕಡೆ ನಿಲ್ಲಿಸಿ, ಅಷ್ಟೇ.

'ಏನಿದೆ ಹೇಳೋಕೆ' ಅನ್ನುವುದು ನೀವು ತುಂಬಾ ದೊಡ್ಡ ಪ್ರಶ್ನೆ ಕೇಳಿದ್ದಕ್ಕೆ. ನಿಮ್ಮ ಬದುಕಿನ ಬಗ್ಗೆ ಹೇಳಿ ಅಂದರೆ ಯಾರಿಗೆ ತಾನೇ ಬಾಯಿ ಬರುತ್ತದೆ? ಕೈಯನ್ನು ಕೇಳಿ. ನೂಲು ಕಡಿದರೆ ಗಂಟು ಹೇಗೆ ಹಾಕುತ್ತಿದ್ದಿರಿ, ತೋರಿಸಿ ಅಂತ ಒಂದು ದಾರ ಕೊಡಿ. ಬಾಯಿಗೆ ಬರದೇ ಇದ್ದದ್ದು ಬೆರಳಿಗೆ ಬರುತ್ತದೆ, ಬೆರಳ ಹಿಂದೆ ಮಾತೂ ಬರುತ್ತದೆ. ಆಮೇಲೆ ಕೇಳಿ: ಅಷ್ಟು ಸದ್ದಿನಲ್ಲಿ ಪಕ್ಕದವಳ ಜತೆ ಹೇಗೆ ಮಾತಾಡುತ್ತಿದ್ದಿರಿ? ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಲ್ಲಿ ಹೆಂಗಸರು ತುಟಿಯನ್ನು ದೊಡ್ಡದಾಗಿ ಆಡಿಸಿ, ಕೈಸನ್ನೆ ಸೇರಿಸಿ ಸದ್ದಿಲ್ಲದೆ ಹರಟುತ್ತಿದ್ದರು, ಅದಕ್ಕೆ ಮೀ-ಮಾಯಿಂಗ್ ಅಂತ ಹೆಸರೇ ಇತ್ತು. ಮಗ್ಗಗಳ ಆಚೆ ಬದಿಯಲ್ಲಿದ್ದವಳ ಮಾತನ್ನೂ ತುಟಿ ನೋಡಿಯೇ ಓದುತ್ತಿದ್ದರು. ನಿಮ್ಮಮ್ಮ ಮನೆಯಲ್ಲೂ ಬಾಯಿ ದೊಡ್ಡದು ಮಾಡಿ ಮಾತಾಡುತ್ತಿದ್ದರಾ, ನೀವು ಚಿಕ್ಕವರಿದ್ದಾಗ ಅದಕ್ಕೆ ನಾಚಿಕೆಯಾಗಿತ್ತಾ? ಹಾಗಿದ್ದರೆ ಅದನ್ನೂ ಕೇಳಿ. ಈ ಭಾಗಕ್ಕೆ ವಿಡಿಯೋನೇ ಬೇಕು, ಬರೀ ಧ್ವನಿಯಲ್ಲಿ ಏನೂ ಸಿಗುವುದಿಲ್ಲ.

ಯಾವ ವಯಸ್ಸಿನಿಂದ ಶುರು ಮಾಡುವುದು ಅಂದರೆ, ಕೆಲಸಕ್ಕೆ ಸೇರಿದ ಮೊದಲ ವಾರದಿಂದ. ಸುಮಾರು ಹತ್ತರಿಂದ ಮೂವತ್ತರವರೆಗಿನ ವರ್ಷಗಳು ವಯಸ್ಸಾದವರಿಗೆ ಉಳಿದೆಲ್ಲದಕ್ಕಿಂತ ಜಾಸ್ತಿ ನೆನಪಿರುತ್ತವೆ. ಹಾಗೆ ನೋಡಿದರೆ ನಿನ್ನೆ ಮಧ್ಯಾಹ್ನಕ್ಕಿಂತ ಅವತ್ತಿನ ಗೇಟು ಅವರಿಗೆ ಹತ್ತಿರ. ಕಾಲೋನಿ ಕೆಡವಿದ್ದಕ್ಕೆ ಮರುಗುತ್ತಾ ಕೂರಬೇಡಿ, ದೊಡ್ಡ ಹಾಳೆ ಹಾಸಿ ಅಮ್ಮನ ಕೈಗೆ ಪೆನ್ಸಿಲ್ ಕೊಟ್ಟು ಮನೆಯಿಂದ ಗೇಟಿನವರೆಗಿನ ದಾರಿ ಬರೆಸಿ. ಮೊದಲ ಮನೆ ಯಾರದ್ದು, ಅದರ ಪಕ್ಕ? ನಾಲ್ಕನೇ ಮನೆ ಮುಟ್ಟುವಷ್ಟರಲ್ಲಿ ಅಮ್ಮ ನಿಮ್ಮನ್ನು ಮರೆತಿರುತ್ತಾರೆ.

ಉಳಿದಿದ್ದು ಚಿಲ್ಲರೆ ವಿಷಯ. ಫ್ಯಾನ್ ಆಫ್ ಮಾಡಿ, ಅದು ಮಾತಿಗಿಂತ ಜೋರಾಗಿ ದಾಖಲಾಗುತ್ತದೆ. ಒಂದು ಸಲಕ್ಕೆ ಒಂದು ಗಂಟೆ ಸಾಕು. ಅಮ್ಮ ಸುಮ್ಮನಾದರೆ ನೀವೂ ಸುಮ್ಮನಿರಿ, ತಕ್ಷಣ ಮುಂದಿನ ಪ್ರಶ್ನೆಗೆ ಹಾರಬೇಡಿ. ತಪ್ಪು ಹೇಳಿದರೂ ನಡುವೆ ತಿದ್ದಬೇಡಿ. ರೆಕಾರ್ಡಿಂಗ್ ಎರಡು ಬೇರೆ ಕಡೆ ಇಡಿ, ಬರೀ ಫೋನಿನಲ್ಲಿದ್ದರೆ ಇಲ್ಲ ಅಂತಲೇ ಲೆಕ್ಕ. ಹಳೇ ಫೋಟೋಗಳ ಹಿಂದೆ ಹೆಸರು ಬರೆಯುವಾಗ ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಕಡೆಗೂ ಗೆರೆ ಮೂಡುತ್ತದೆ, ಶಾಯಿಯೂ ಹರಡುತ್ತದೆ.

ಕೊನೆಗೆ, ನನಗೆ ತಡವಾಗಿ ಗೊತ್ತಾದ ಒಂದು ವಿಷಯ. ರೆಕಾರ್ಡಿಂಗ್ ನಿಲ್ಲಿಸಿ ಫೋನ್ ಪಕ್ಕಕ್ಕಿಟ್ಟ ಮೇಲೆ, ಎದ್ದು ಒಲೆ ಕಡೆ ಹೋಗುವಾಗ, ಅವರು ನಿಜವಾಗಿ ಹೇಳಬೇಕಾದ್ದನ್ನು ಹೇಳುತ್ತಾರೆ. ಆಗ ಗುಟ್ಟಾಗಿ ಬಟನ್ ಒತ್ತಬೇಡಿ. ಕೇಳಿಸಿಕೊಳ್ಳಿ, ಆಮೇಲೆ 'ಇದನ್ನೂ ಇಟ್ಟುಕೊಳ್ಳಲಾ ಅಮ್ಮಾ' ಅಂತ ಕೇಳಿ.

ಮುಂದಿನ ತಿಂಗಳಿಗೆ ಒಂದು ಚಿಕ್ಕ ಪ್ರಶ್ನೆ, ಈ ಸಲ ನನ್ನಿಂದ: ನಿಮ್ಮ ಸಾಲಿನಲ್ಲಿ ಮೊದಲು ಗಡಿಯಾರ ಬಂದಿದ್ದು ಯಾರ ಮನೆಗೆ? ಟೈಮ್ ಕೇಳಲು ಅಲ್ಲಿಗೆ ಹೋಗುತ್ತಿದ್ದವರು ಯಾರು, ಏನು ನೆಪ ಹೇಳುತ್ತಿದ್ದರು?